ನಾಲ್ಕನೇ ಕ್ಯಾಮೆರಾ

ನನಗೆ ಗುಡ್ಡವೆಂದರೆ ಮೊದಲಿನಿಂದಲೂ ಭಯ. ಕಡೂರಿನವಳು ನಾನು. ನಮ್ಮ ಕಡೆ ನೆಲ ನೆಲದ ಹಾಗೆ ಬಿದ್ದುಕೊಂಡಿರುತ್ತದೆ, ಎದ್ದು ಬಂದು ಕಿಟಕಿಯೆದುರು ನಿಲ್ಲುವುದಿಲ್ಲ. ಮದುವೆಯಾಗಿ ಮಲೆನಾಡಿನ ಜಾವಳಿಗೆ ಬಂದ ಹೊಸತರಲ್ಲಿ, ಅಡುಗೆಮನೆಯ ಕಿಟಕಿಯಿಂದ ಹಳ್ಳದಾಚೆ ನಮ್ಮ ತೋಟದ ಮೇಲಿನ ಬ್ಲಾಕ್ ನೋಡಿ, ಅಷ್ಟು ಕಡಿದಾದ ಜಾಗದಲ್ಲಿ ಕಾಫಿ ಗಿಡ ಹೇಗೆ ನಿಂತಿವೆ ಎಂದು ಕೇಳಿದ್ದೆ. ಮಾವ ಚಂದ್ರಶೇಖರ ಅವರು, "ಗಿಡಕ್ಕೆ ಬೇರು ಅಂತ ಒಂದಿರುತ್ತಮ್ಮ" ಎಂದು ನಕ್ಕರು. ಮನೆಯವರೆಲ್ಲ ನಕ್ಕರು. ನನ್ನ ಗಂಡ ದರ್ಶನ್ ಕೂಡ ನಕ್ಕ, ಆಮೇಲೆ ಕೋಣೆಗೆ ಬಂದು ಸಮಾಧಾನ ಮಾಡಿದ. ಅವನು ದಿನಾ ಆ ಬ್ಲಾಕಿಗೆ ಹತ್ತಿ ಹೋಗುತ್ತಿದ್ದ. ಹೋದವನು ಇಳಿದು ಬರುವವರೆಗೆ ನನಗೆ ಒಳಗೊಳಗೇ ಕಸಿವಿಸಿ. ಬಾಯಿಬಿಟ್ಟರೆ ಬಯಲುಸೀಮೆಯ ಹುಡುಗಿಗೆ ದಿಬ್ಬ ಕಂಡರೂ ತಲೆಸುತ್ತು ಅನ್ನುತ್ತಿದ್ದರು, ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೆ.

ಆದರೆ ಆ ವಾರ ನಾವೆಲ್ಲ ತಲೆ ಕೆಡಿಸಿಕೊಂಡದ್ದು ಗುಡ್ಡದ ಬಗ್ಗೆ ಅಲ್ಲ, ನನ್ನ ಕಂಪ್ಯೂಟರಿನ ಬಗ್ಗೆ.

ಆಫೀಸ್ ರೂಮಿನಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಅದರಲ್ಲಿ ನಾನು ನಮ್ಮ ತೋಟದ ಕಾಫಿಪುಡಿಯನ್ನು ಊರೂರಿಗೆ ಮಾರುತ್ತಿದ್ದೆ. ಆರ್ಡರ್ ನೋಡುವುದು, ವಿಳಾಸದ ಚೀಟಿ ಪ್ರಿಂಟ್ ಮಾಡುವುದು, ಚಿಕೋರಿ ಯಾಕೆ ಹಾಕಿಲ್ಲ ಎನ್ನುವ ಗಿರಾಕಿಗಳ ಜೊತೆ ಜಗಳವಾಡುವುದು. ಪುಷ್ಯ ಮಳೆ ಹೊಡೆಯುವಷ್ಟು ಹೊಡೆದು ನಿಂತು, ಹೊಳವಾಗಿ, ಮನೆಮನೆಯಲ್ಲೂ ಕಂಬಳಿ ಹಾಸಿಗೆ ಬಿಸಿಲಿಗೆ ಬಿದ್ದಿದ್ದ ಆ ವಾರವೇ ಅದು ಮುಷ್ಕರ ಹೂಡಿತು. ಒಂದು ಕ್ಲಿಕ್ ಮಾಡಿ, ಒಳಗೆ ಹೋಗಿ ಹಾಲು ಕಾಯಿಸಿ ಬಂದರೂ ಪರದೆಯ ಮೇಲೆ ಉಂಗುರ ತಿರುಗುತ್ತಲೇ ಇರುತ್ತಿತ್ತು. ಮಳೆ ಜೋರಿದ್ದಾಗ ಚೆನ್ನಾಗಿದ್ದ ಯಂತ್ರಕ್ಕೆ ಬಿಸಿಲು ಬಂದ ಮೇಲೆ ಏನು ಬಂತು ರೋಗ ಎಂದು ನನಗೆ ಸಿಟ್ಟು ಬರುತ್ತಿತ್ತು.

ದರ್ಶನ್‌ಗೆ ರಿಪೇರಿಯ ಹುಚ್ಚು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇರಲಿ, ಮಿಕ್ಸಿ ಇರಲಿ, ಬಿಚ್ಚಿ ಹರಡಿಕೊಂಡು ಕೂರದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ಬಂದು ಕುಳಿತು ಟಾಸ್ಕ್ ಮ್ಯಾನೇಜರ್ ತೆರೆದ. ಮೆಮೊರಿ ಎಂಬಲ್ಲಿ ಕೆಂಪು ಬಣ್ಣ, ತೊಂಬತ್ತರ ಮೇಲೆ.

"ನೋಡು, ಇಷ್ಟೊಂದು ಟ್ಯಾಬ್ ತೆರೆದಿಟ್ರೆ ಪಾಪ ಅದಾದ್ರೂ ಎಂತ ಮಾಡುತ್ತೆ?" ಎಂದ.

"ನಿನ್ನ ಟ್ರ್ಯಾಕ್ಟರ್ ವಿಡಿಯೋಗಳು ಅವು, ನನ್ನವಲ್ಲ" ಎಂದೆ.

ಎಲ್ಲ ಮುಚ್ಚಿದ. ಕಂಪ್ಯೂಟರ್ ಶುರುವಾದ ಕೂಡಲೇ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳನ್ನೆಲ್ಲ ಮಲಗಿಸಿದ. ವೈರಸ್ ಹುಡುಕಿಸಿದ, ಒಂದೂ ಸಿಗಲಿಲ್ಲ. ನಾನು ಸೇರಿಸಿಟ್ಟಿದ್ದ ಮದುವೆಯ ಫೋಟೋಗಳನ್ನು ಪೆನ್‌ಡ್ರೈವಿಗೆ ದಾಟಿಸಿದ. ಫೋಟೋ ಇರುವುದು ಡಿಸ್ಕಿನಲ್ಲಿ, ತುಂಬಿರುವುದು ಮೆಮೊರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಡ ಎಂದು ನಾನು ಹೇಳಿದರೂ ಕೇಳಲಿಲ್ಲ. ಪ್ರತಿಸಲವೂ ಆಫ್ ಮಾಡಿ ಆನ್ ಮಾಡಿದ ಮೇಲೆ ಒಂದಷ್ಟು ಹೊತ್ತು ಚುರುಕಾಗಿರುತ್ತಿತ್ತು. ಆಮೇಲೆ ಮೆಮೊರಿ ಮೆಲ್ಲಗೆ ಏರುತ್ತ ಹೋಗುತ್ತಿತ್ತು. ನಾನು ಮುಟ್ಟದೆ ಸುಮ್ಮನೆ ನೋಡುತ್ತ ಕೂತರೂ ಏರುತ್ತಿತ್ತು.

ಕೊನೆಗೆ ಮೂಡಿಗೆರೆಯಿಂದ ದಯಾನಂದನನ್ನು ಕರೆಸಿದೆವು. ಕಂಪ್ಯೂಟರ್ ಅಂಗಡಿ ಇಟ್ಟವನು, ದರ್ಶನ್‌ನ ಶಾಲೆಯ ಗೆಳೆಯ. ಮೊದಲು ಇನ್ನೊಂದು ಮೆಮೊರಿ ಕಡ್ಡಿ ಸಿಕ್ಕಿಸಿ ಹೋದ. ಅದೂ ತುಂಬಿಹೋಯಿತು. ಎರಡನೆಯ ಸಲ ಬಂದವನು ಚೀಲವನ್ನು ಕೆಳಗಿಟ್ಟು, ಯಾವ ಪ್ರೋಗ್ರಾಮು ಎಷ್ಟು ನುಂಗುತ್ತಿದೆ ಎಂದು ಸಾಲಾಗಿ ನೋಡುತ್ತ ಕುಳಿತ.

"ಸಿಕ್ತು. ನಿಮ್ಮ ಕ್ಯಾಮೆರಾದ್ದೇ ಕೆಲಸ" ಎಂದ.

ಬೇಸಿಗೆಯಲ್ಲಿ ಆನೆ ಕಾಟಕ್ಕೆಂದು ದರ್ಶನ್ ನಾಲ್ಕು ಕ್ಯಾಮೆರಾ ಹಾಕಿಸಿದ್ದ. ಒಂದು ಗೇಟಿಗೆ, ಒಂದು ಕಣಕ್ಕೆ, ಒಂದು ಪಲ್ಪರ್ ಮನೆಗೆ. ನಾಲ್ಕನೆಯದು ಹಳ್ಳದಾಚೆ ಮೇಲಿನ ಬ್ಲಾಕಿನ ಕಂಬದ ಮೇಲೆ, ಕಾಡಿನಿಂದ ಆನೆ ಇಳಿಯುವ ದಾರಿಗೆ. ಆನೆಯ ಆಕಾರ ಕಂಡರೆ ಕಂಪ್ಯೂಟರ್ ಸೈರನ್ ಕೂಗಿಸುತ್ತದೆ.

"ಇದು ಮೊದ್ಲೇ ಒಂದು ಚಿತ್ರ ತೆಗೆದು ಇಟ್ಕೊಂಡಿರುತ್ತೆ" ಎಂದು ದಯಾನಂದ ವಿವರಿಸಿದ. "ಖಾಲಿ ತೋಟದ್ದು. ಈಗ ಕಾಣೋದನ್ನ ಅದ್ರ ಜೊತೆ ಹೋಲಿಸ್ತಾ ಇರುತ್ತೆ. ವ್ಯತ್ಯಾಸ ಕಂಡ್ರೆ ಯಾರೋ ಬಂದ್ರು ಅಂತ ಲೆಕ್ಕ. ಬಂದಿದ್ದು ಆನೆಯೋ ನಾಯಿಯೋ ಅಂತ ತಿಳಿಯೋವರೆಗೆ ಚಿತ್ರಗಳನ್ನೆಲ್ಲ ಮೆಮೊರಿಯಲ್ಲಿ ಸಾಲಾಗಿ ನಿಲ್ಲಿಸ್ಕೊಂಡಿರುತ್ತೆ. ಸಾಲು ಬೆಳೆದಂಗೆ ಮಿಷನ್ ನಿಧಾನ."

ನಿಧಾನ ಎಂದರೆ ಎಷ್ಟು ಎನ್ನುವುದು ಆಗಲೇ ಕಣ್ಣಿಗೆ ಬಿತ್ತು. ನಮ್ಮ ಮೇಸ್ತ್ರಿ ಕಲ್ಲೇಶ್ ಅಡುಗೆಮನೆಯ ಜಗಲಿಯಲ್ಲಿ ಕುಳಿತು ಕಾಫಿ ಮುಗಿಸಿ ಲೋಟ ತೊಳೆದಿಡುತ್ತಿದ್ದ. ಪರದೆಯ ಮೇಲೆ ಅದೇ ಕಲ್ಲೇಶ್ ಈಗಷ್ಟೇ ಗೇಟು ತೆಗೆದು ಒಳಗೆ ಬರುತ್ತಿದ್ದ. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು.

"ಮೇಸ್ತ್ರಿಗೆ ಎರಡು ಸಂಬಳ ಕೊಡ್ಬೇಕು ಮಾರಾಯ" ಎಂದ ದರ್ಶನ್.

ದಯಾನಂದ ಒಂದೊಂದೇ ಕ್ಯಾಮೆರಾ ನಿಲ್ಲಿಸಿ ನೋಡಿದ. ಒಂದು, ಎರಡು, ಮೂರು ನಿಲ್ಲಿಸಿದರೂ ಮೆಮೊರಿ ಏರುವುದು ನಿಲ್ಲಲಿಲ್ಲ. ನಾಲ್ಕನ್ನು ನಿಲ್ಲಿಸಿದ ತಕ್ಷಣ ನಿಂತಿತು. ಮತ್ತೆ ಹಚ್ಚಿದ, ಮತ್ತೆ ಏರಿತು.

ಆ ಕ್ಯಾಮೆರಾದ ಚಿತ್ರವನ್ನು ದೊಡ್ಡದು ಮಾಡಿ ಮೂವರೂ ಬಗ್ಗಿ ನೋಡಿದೆವು. ಕಾಫಿ ಗಿಡಗಳು, ಎರಡು ಸಿಲ್ವರ್ ಮರ, ಹಿಂದೆ ಒಂದು ಬಂಡೆ, ಮೇಲೆ ಬಿಸಿಲು. ಆನೆಯಿಲ್ಲ, ನಾಯಿಯಿಲ್ಲ, ಹಕ್ಕಿಯೂ ಇಲ್ಲ. ಅಲುಗಿದ ವಸ್ತುವಿನ ಸುತ್ತ ಈ ಪ್ರೋಗ್ರಾಮು ಹಸಿರು ಚೌಕ ಹಾಕುತ್ತದೆ. ಗೇಟಿನಲ್ಲಾದರೆ ಚೌಕ ಮನುಷ್ಯನನ್ನೇ ಸುತ್ತಿಕೊಂಡಿರುತ್ತದೆ. ಇಲ್ಲಿ ಚೌಕ ಪರದೆಯ ನಾಲ್ಕೂ ಅಂಚಿಗೆ ತಾಗಿತ್ತು.

"ಇಡೀ ಚಿತ್ರಕ್ಕೇ ಹಾಕಿದೆಯಲ್ಲ?" ಎಂದೆ.

"ಬೇಸಿಗೆ ಚಿತ್ರ ಅಲ್ವಾ ಅದ್ರ ಹತ್ರ ಇರೋದು? ಈಗ ಎಲೆ ಬಂದಿದೆ, ಕಳೆ ಬಂದಿದೆ. ಅದ್ಕೆ ಗುರುತು ಸಿಗ್ತಿಲ್ಲ. ಹೊಸ ಚಿತ್ರ ತೆಗೆದಿಟ್ರೆ ಸರಿಹೋಗುತ್ತೆ" ಎಂದ ದಯಾನಂದ. ಹಾಗೇ ಮಾಡಿದ. ಹಸಿರು ಚೌಕ ಮಾಯವಾಯಿತು, ಮೆಮೊರಿ ಅರ್ಧಕ್ಕಿಳಿಯಿತು, ಕ್ಲಿಕ್ ಮಾಡಿದ್ದು ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಅವನಿಗೆ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟು ಕಳಿಸಿದೆ.

ಅತ್ತೆ ವಿಮಲಮ್ಮನವರಿಗೆ ಮಾತ್ರ ಈ ವಿವರಣೆ ರುಚಿಸಲಿಲ್ಲ. "ಚೌಡಿ ಕಲ್ಲಿನ ಪಕ್ಕದಲ್ಲೇ ಕಂಬ ನೆಟ್ಟಿದಾನೆ. ಅಲ್ಲಿ ಓಡಾಡೋದು ಯಾರು ಅಂತ ಆ ಡಬ್ಬಕ್ಕೆ ಗೊತ್ತಾಗಿದೆ, ನಿಮಗೆ ಗೊತ್ತಾಗಿಲ್ಲ" ಎಂದರು. ನಾನು ದೇವರಿಗೆ ಅಷ್ಟಾಗಿ ಹೆದರುವವಳಲ್ಲ. ಆದರೂ ಅಂದು ಸಂಜೆ ಅವರು ದೀಪ ಹಚ್ಚುವಾಗ ಪಕ್ಕದಲ್ಲಿ ಹೋಗಿ ನಿಂತೆ.

ಎರಡು ದಿನ ಆರಾಮಾಗಿ ಕಳೆಯಿತು. ಮೂರನೆಯ ದಿನ ಚೀಟಿ ಪ್ರಿಂಟಾಗದೆ ಉಂಗುರ ತಿರುಗಲು ಶುರುವಾಯಿತು. ನೋಡಿದರೆ ಮೆಮೊರಿ ಮತ್ತೆ ಕೆಂಪು. ನಾಲ್ಕನೇ ಕ್ಯಾಮೆರಾದಲ್ಲಿ ಹಸಿರು ಚೌಕ ಮತ್ತೆ ಅಂಚಿಂದ ಅಂಚಿಗೆ ಹರಡಿಕೊಂಡಿತ್ತು.

ಎರಡು ದಿನದಲ್ಲಿ ಎಲೆ ಎಷ್ಟು ಬೆಳೆಯುತ್ತದೆ? ನನಗೆ ಕೂರಲಾಗಲಿಲ್ಲ. ದಯಾನಂದ ತೆಗೆದಿಟ್ಟ ಚಿತ್ರವನ್ನು ಹುಡುಕಿ ತೆರೆದು, ಈಗಿನದನ್ನು ಅದರ ಪಕ್ಕಕ್ಕೆ ಇಟ್ಟೆ. ಪತ್ರಿಕೆಯಲ್ಲಿ ಬರುವ 'ವ್ಯತ್ಯಾಸ ಹುಡುಕಿ' ಆಟದಲ್ಲಿ ನಾನು ಚಿಕ್ಕಂದಿನಿಂದ ಗಟ್ಟಿಗಿತ್ತಿ. ಮೊದಲ ಚಿತ್ರದಲ್ಲಿ ಎಡಗಡೆಯ ಸಿಲ್ವರ್ ಮರ ಹಿಂದಿನ ಬಂಡೆಯನ್ನು ಅರ್ಧ ಮುಚ್ಚಿತ್ತು. ಈಗ ಬಂಡೆ ಪೂರ್ತಿ ಕಾಣುತ್ತಿತ್ತು. ಬಲಗಡೆಯ ಮರ ಇನ್ನೊಂದು ದಿಕ್ಕಿಗೆ ಬಾಗಿತ್ತು. ಕಾಫಿ ಸಾಲಿನ ನಡುವೆ ಮಣ್ಣಿನ ಬಣ್ಣದ ಒಂದು ಗೆರೆ ಇತ್ತು. ಮೊದಲ ಚಿತ್ರದಲ್ಲಿ ಅದು ಇರಲೇ ಇಲ್ಲ.

ಅಪ್ಪ ಮಗ ಇಬ್ಬರನ್ನೂ ಕರೆದು ತೋರಿಸಿದೆ. ಮಾವ ಕನ್ನಡಕ ಏರಿಸಿ ನೋಡಿದರು.

"ಕಂಬ ವಾಲಿದೆ. ಮಣ್ಣು ಮೆತ್ತಗಾಗಿದೆ ನೋಡು, ಅದಕ್ಕೆ" ಎಂದರು.

"ಕಂಬ ವಾಲಿದ್ದರೆ ಎಲ್ಲವೂ ಒಂದೇ ಕಡೆ ವಾಲ್ಬೇಕಿತ್ತಲ್ಲ ಮಾವ? ಒಂದು ಮರ ಆಚೆಗೆ, ಒಂದು ಈಚೆಗೆ ಹೋಗಿದೆ. ನೆಲವೇ ಜಾರ್ತಿರ್ಬೇಕು. ಆ ಗುಂಡಿಗಳ ನೀರು ಬಿಡಿಸಿ, ದಯವಿಟ್ಟು."

ಆ ಗುಂಡಿಗಳೆಂದರೆ ಮಾವನಿಗೆ ಪ್ರಾಣ. ಎರಡು ಸಾಲು ಗಿಡಗಳ ನಡುವೆ ತೊಟ್ಟಿಲಿನಾಕಾರದಲ್ಲಿ ತೋಡುವ ತೊಟ್ಟಿಲು ಗುಂಡಿಗಳು. ಮಳೆನೀರು ಹಳ್ಳಕ್ಕೆ ಓಡದೆ ಅಲ್ಲೇ ನಿಂತು ಇಂಗಲಿ ಎಂದು ಕಾಫಿ ತೋಟದವರೆಲ್ಲ ತೋಡುತ್ತಾರೆ, ಒಳ್ಳೆಯದೇ. ಆದರೆ ನಮ್ಮ ಮಾವ ಆ ಕಡಿದಾದ ಬ್ಲಾಕಿನಲ್ಲಿ, ಬುಡದಿಂದ ನೆತ್ತಿಯವರೆಗೆ, ಜಾಗ ಸಿಕ್ಕಲ್ಲೆಲ್ಲ ತೋಡಿಸಿದ್ದರು. ಸುತ್ತಲಿನ ಪ್ಲಾಂಟರುಗಳು ಬಂದು ನೋಡಿ ಹೊಗಳಿ ಹೋಗಿದ್ದರು. ಈ ಸಲದ ಮಳೆಗೆ ಅವೆಲ್ಲ ತುಂಬಿ, ಗುಡ್ಡ ಆ ನೀರನ್ನು ಕುಡಿಯುತ್ತಲೇ ಇತ್ತು. ಮೇಲೆ ಬಿಸಿಲು ಕಾಯುತ್ತಿತ್ತು, ಒಳಗೆ ಏನಾಗುತ್ತಿದೆ ಎಂದು ಯಾರೂ ಯೋಚಿಸಲಿಲ್ಲ.

"ಒಂದು ಫೋಟೋ ನೋಡಿ ಗುಂಡಿ ಒಡೆಸ್ಬೇಕಾ?" ಮಾವನ ಧ್ವನಿ ಏರಲಿಲ್ಲ, ಅವರದು ಯಾವತ್ತೂ ಏರುವುದಿಲ್ಲ. "ಬೇಸಿಗೇಲಿ ನೀರಿಲ್ಲ ಅಂತ ಅಳೋರು ಯಾರಮ್ಮ? ಆ ನೀರು ನಮ್ಮದು. ನಮ್ಮ ತೋಟದಲ್ಲೇ ಇಂಗ್ಬೇಕು."

ನನಗೆ ರೇಗಿತು. ಬೇರೆ ಯಾರೋ ಇಂಜಿನಿಯರು ಬಂದು ಹೇಳಿದ್ದರೆ ಇವರೇ ಕುರ್ಚಿ ಎಳೆದು ಕೂರಿಸಿ ಕೇಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ಕಡೂರಿನ ಹಿತ್ತಲು.

ದರ್ಶನ್ ಈ ಸಲ ನಗಲಿಲ್ಲ. ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದ. "ಬೆಳಗ್ಗೆ ಹೋಗಿ ನೋಡ್ಕೊಂಡು ಬರ್ತೀನಿ. ಕಂಬ ವಾಲಿದ್ರೆ ನೆಟ್ಟಗೆ ಮಾಡ್ತೀನಿ. ನೆಲ ಬಿರುಕು ಬಿಟ್ಟಿದ್ರೆ ಅಪ್ಪಂಗೆ ಅದ್ರದ್ದೇ ಫೋಟೋ ತಂದು ತೋರಿಸ್ತೀನಿ. ಆಗ ಗುಂಡಿ ಒಡೆಸ್ದೆ ಇರೋಕಾಗುತ್ತಾ?" ಎಂದ.

"ನೀನು ಹೋಗೋದು ಬೇಡ" ಎಂದೆ.

"ಹೋಗ್ದೆ ಗೊತ್ತಾಗೋದು ಹೆಂಗೆ ಮಾರಾಯ್ತಿ?"

ಕ್ಯಾಮೆರಾ ನಿಲ್ಲಿಸಿ ಸುಮ್ಮನಿರೋಣ ಎಂದರೆ, ಪಕ್ಕದ ತೋಟದಲ್ಲಿ ಆನೆ ಹಿಂಡು ಇದೆ ಎಂದು ಊರಿನ ಗ್ರೂಪಿನಲ್ಲಿ ಆಗಲೇ ಮೆಸೇಜು ಬಂದಿತ್ತು. ಕ್ಯಾಮೆರಾ ಬೇಕು, ಕಂಪ್ಯೂಟರೂ ಬೇಕು, ಗುಂಡಿಯ ನೀರೂ ಬೇಕು. ಎಲ್ಲರಿಗೂ ಎಲ್ಲ ಬೇಕಿತ್ತು. ನನಗೆ ಅವನೊಬ್ಬ ಸಾಕಿತ್ತು.

ಬೆಳಗ್ಗೆ ತಿಂಡಿ ತಿಂದು ಹೊರಟ. ನಾನೂ ಬರುತ್ತೇನೆ ಎಂದೆ. "ನೀನು ಸ್ಕ್ರೀನ್ ಮುಂದೆ ಕೂತ್ಕೋ. ಕಂಬ ತಿರುಗಿಸಿದಾಗ ದಾರಿ ಸರಿಯಾಗಿ ಕಾಣುತ್ತಾ ಅಂತ ಹೇಳೋಕೆ ಒಬ್ರು ಬೇಕಲ್ಲ" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೊಂದು ಮೊಟಕಿ ಹೋದ. ಹೊರಗೆ ಎಳೆಬಿಸಿಲು. ಅತ್ತೆ ಹಪ್ಪಳ ಒಣಹಾಕುತ್ತಿದ್ದರು. ಮಾವ ಕಣದಲ್ಲಿ ಕಲ್ಲೇಶನ ಹತ್ತಿರ ಮಾತಾಡುತ್ತ ನಿಂತಿದ್ದರು.

ನಾಲ್ಕನೇ ಕ್ಯಾಮೆರಾ ತೆರೆದು ಕೂತೆ. ಹಸಿರು ಚೌಕ ಹಾಗೇ ಇತ್ತು. ಮೆಮೊರಿ ಏರುತ್ತಿತ್ತು, ಹಿಂದೆಂದಿಗಿಂತ ಬೇಗ ಏರುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಬಾಣ ಎಷ್ಟೋ ಹೊತ್ತಿನ ಮೇಲೆ ಅಲುಗುತ್ತಿತ್ತು. ಪರದೆಯಲ್ಲಿ ಗಿಡ, ಮರ, ಬಂಡೆ ಬಿಟ್ಟರೆ ಯಾರೂ ಇರಲಿಲ್ಲ.

ಫೋನ್ ಬಂತು.

"ಕಂಬದ ಹತ್ರ ಬಂದೆ. ಕಾಣ್ತಿದೀನಾ?" ಏದುಸಿರು ಬಿಡುತ್ತಿದ್ದ.

"ಇಲ್ಲ. ಖಾಲಿ ಇದೆ."

"ನಿನ್ನ ಡಬ್ಬ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಇಷ್ಟೊತ್ತೂ ಕ್ಯಾಮೆರಾಗೆ ಮುಖ ತೋರಿಸಿ ಹಲ್ಲು ಕಿರಿದಿದ್ದೇ ದಂಡ."

"ಕಂಬ ವಾಲಿದೆಯಾ?"

"ವಾಲಿದೆ. ಆದ್ರೆ..." ಅವನು ನಡೆಯುವ ಸದ್ದು ಕೇಳಿತು, ಕೆಸರಿನಲ್ಲಿ ಕಾಲಿಟ್ಟು ಕಿತ್ತ ಹಾಗೆ. "ರಕ್ಷಾ, ಇಲ್ಲಿ ಒಂದು ಬಿರುಕಿದೆ. ಗುಂಡಿಯಿಂದ ಗುಂಡಿಗೆ, ಉದ್ದಕ್ಕೂ ಹೋಗಿದೆ. ಗುಂಡಿಗಳಲ್ಲಿ ನೀರೇ ಇಲ್ಲ ಮಾರಾಯ್ತಿ. ಎಲ್ಲ ಒಳಗೆ ಹೋಗ್ಬಿಟ್ಟಿದೆ. ನೀನು ಹೇಳಿದ್ದೇ ಸರಿ."

ಜೀವನದಲ್ಲಿ ಮೊದಲ ಸಲ ಆ ಮಾತು ಕೇಳಿ ನನಗೆ ಸಂತೋಷವಾಗಲಿಲ್ಲ.

"ಇಳಿದು ಬಾ" ಎಂದೆ. "ಈಗಲೇ ಬಾ ದರ್ಶನ್, ಓಡಿ ಬಾ."

"ಬಂದೆ ಬಂದೆ. ಒಂದೇ ಒಂದು ಫೋಟೋ ತಗೊಂಡು ಬರ್ತೀನಿ. ಇಲ್ದಿದ್ರೆ ಅಪ್ಪ ನಂಬಲ್ಲ."

"ಫೋಟೋ ಸುಡುಗಾಡಿಗೆ ಹೋಗ್ಲಿ, ಬಾರೋ!"

ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದೆ, ಹೋಗಲಿಲ್ಲ. ಮತ್ತೆ ಹಚ್ಚುತ್ತಿದ್ದಾಗ ಸದ್ದು ಬಂತು. ಮೊದಲು ಲಾರಿಯಿಂದ ಜಲ್ಲಿ ಸುರಿದ ಹಾಗಿತ್ತು. ಆಮೇಲೆ ಅದು ಸದ್ದಾಗಿ ಉಳಿಯಲಿಲ್ಲ, ಕಾಲಡಿಯ ನೆಲವೇ ನಡುಗಿತು, ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿದವು. ನಂತರ ನಡುಕ ನಿಂತಿತು. ಹೊರಗೆ ಕಲ್ಲೇಶ್ ಏನೋ ಕೂಗುತ್ತಿದ್ದ, ಮಾವನ ದನಿ ಮೊದಲ ಸಲ ಏರಿದ್ದು ಕೇಳಿತು. ಏನು ಕೂಗಿದರೆಂದು ನನಗೆ ತಿಳಿಯಲಿಲ್ಲ.

ಏಳಹೊರಟವಳು ಪರದೆಯ ಕಡೆ ತಿರುಗಿದೆ. ಕಣ್ಣೆದುರಿನ ಪರದೆಯಲ್ಲಿ ಮೇಲಿನ ಬ್ಲಾಕ್ ಇದ್ದ ಹಾಗೇ ಇತ್ತು. ಗಿಡಗಳ ಮೇಲೆ ಬಿಸಿಲು ಬಿದ್ದಿತ್ತು. ಬಂಡೆ ಬಂಡೆಯ ಜಾಗದಲ್ಲಿತ್ತು. ಸಾಲಿನ ಕೆಳಗಿನಿಂದ ದರ್ಶನ್ ಹತ್ತಿ ಬಂದ. ಸೊಂಟದ ಮೇಲೆ ಕೈಯಿಟ್ಟು ನಿಂತು ಸುಧಾರಿಸಿಕೊಂಡ. ಹತ್ತಿರ ಬಂದು ಅಂಗಿಯ ತುದಿಯಿಂದ ಕ್ಯಾಮೆರಾದ ಗಾಜು ಒರೆಸಿದ. ಪರದೆಯ ತುಂಬ ಅವನ ಮುಖ. ಹಲ್ಲು ಕಿರಿದ, ಹುಬ್ಬು ಕುಣಿಸಿದ, ನಾಲಿಗೆ ಚಾಚಿದ.

ನಾನು ಮೌಸ್ ಮುಟ್ಟಲಿಲ್ಲ. ಎಷ್ಟು ಬೈದಿದ್ದೆ ಆ ಯಂತ್ರಕ್ಕೆ! ಈಗ ಕೈ ಮುಗಿದುಕೊಂಡು ಕೂತೆ. ನಿಧಾನ ಮಾಡು, ಇನ್ನೂ ನಿಧಾನ ಮಾಡು, ಅವನನ್ನು ಅಲ್ಲೇ ನಿಲ್ಲಿಸಿಕೋ ಎಂದು ಬೇಡಿಕೊಂಡೆ.

ಅತ್ತೆ ಹಪ್ಪಳದ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಸೆರಗು ನೆಲದ ಮೇಲೆ ಎಳೆಯುತ್ತಿತ್ತು.

"ಗುಡ್ಡ ಹೋಯ್ತು ರಕ್ಷಾ! ಆಚೆ ಗುಡ್ಡ ಪೂರ್ತಿ ಹಳ್ಳಕ್ಕೆ ಬಂತು. ದರ್ಶನ್ ಎಲ್ಲಿ? ಎಲ್ಲಿ ನನ್ನ ಮಗ?"

ಅವರ ಕಣ್ಣು ಪರದೆಯ ಮೇಲೆ ಬಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅಯ್ಯೋ, ಇಲ್ಲೇ ಇದಾನಲ್ಲೇ!" ಅಳುತ್ತಳುತ್ತಲೇ ನಗಲು ಶುರುಮಾಡಿದರು. "ನಗ್ತಾ ಇದಾನೆ ನೋಡೇ ಕೋತಿ! ನನ್ನ ಜೀವ ಹೋಗಿ ಬಂತು. ಸದ್ಯ, ಬೇರೆ ಕಡೆ ಹೋಗಿದಾನೆ." ಕಿಟಕಿಯ ಹತ್ತಿರ ಹೋಗಿ ಹೊರಕ್ಕೆ ಕೂಗಿದರು, "ರೀ, ಇದಾನೆ ಕಣ್ರೀ! ಇದಾನೆ! ಟಿವಿಯಲ್ಲಿ ಕಾಣ್ತಿದಾನೆ!" ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತು, ಹಿಟ್ಟಿನ ಕೈಯಲ್ಲೇ ನನ್ನ ಮೊಣಕಾಲು ಸವರಿದರು.

ಹೇಳಬೇಕಿತ್ತು. ಪರದೆಯಲ್ಲಿ ಅವನು ಕ್ಯಾಮೆರಾದಿಂದ ಹಿಂದೆ ಸರಿದು, ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡ. ನಮ್ಮ ಕಡೆ ನೋಡುತ್ತಲೇ ಏನೋ ಹೇಳಿದ. ಯಾರದೋ ಉತ್ತರ ಕೇಳಿ ನಕ್ಕ.

ನನ್ನ ಫೋನ್ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಯಾರ ಹತ್ರ ಮಾತಾಡ್ತಿದಾನೆ?" ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ನನ್ನ ಹತ್ರ" ಎಂದೆ.